ಕಡತಕ್ಕೆ ಕಾವಲು: ಅನುಮತಿ ಪಟ್ಟಿಯನ್ನು ಪ್ರೋಗ್ರಾಂ ಮೂಲಕ ನಿಗದಿಪಡಿಸುವ ಬಗೆ

ಧಾರವಾಡ ಸೀಮೆಯ ರೈತನಿಗೆ ಪಹಣಿ ಎಂಬುದು ಬರೀ ಕಾಗದವಲ್ಲ. ಬೆಳೆಸಾಲ, ಮಾರಾಟ, ವಾರಸಾ ಹಕ್ಕು ಎಲ್ಲಕ್ಕೂ ಅದೇ ಆಧಾರ. ಬಹುಕಾಲ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ದ ದಶಕದ ಆರಂಭದಲ್ಲಿ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯು ಹುಬ್ಬಳ್ಳಿ, ಧಾರವಾಡ ಸೇರಿದಂತೆ ಅಂದಿನ 177 ತಾಲೂಕುಗಳ ಪಹಣಿಗಳನ್ನು ಗಣಕಕ್ಕೆ ಏರಿಸಿತು. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಆ ತಂತ್ರಾಂಶದಲ್ಲಿ ಸಿಬ್ಬಂದಿ ಬೆರಳಚ್ಚು ನೀಡಿ ಒಳಹೋಗುವ ವ್ಯವಸ್ಥೆಯಿತ್ತು. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದು ಅಂದಿನಿಂದ ಗಣಕದ ಪ್ರಶ್ನೆಯೂ ಆಯಿತು.

ತಂತ್ರಾಂಶದ ಬಾಗಿಲಿಗೆ ಎಷ್ಟೇ ಭದ್ರ ಬೀಗವಿದ್ದರೂ, ದತ್ತಾಂಶ ಅಡಗಿರುವ ಕಡತವೇ ಎಲ್ಲರಿಗೂ ತೆರೆದಿದ್ದರೆ ಬೀಗ ನಿರರ್ಥಕ. ಇದು ಯಾವುದೇ ಕಚೇರಿಗೆ ಅನ್ವಯಿಸುವ ಮಾತು. ಆ ಕೆಳಹಂತದ ಕಾವಲೇ ಅನುಮತಿ ಪಟ್ಟಿ, ಅರ್ಥಾತ್ ಎಸಿಎಲ್.

ಪಟ್ಟಿಯ ಸ್ವರೂಪ

ಹಳೆಯ ಯುನಿಕ್ಸ್ ಪದ್ಧತಿಯಲ್ಲಿ ಒಡೆಯ, ಗುಂಪು, ಉಳಿದವರು ಎಂಬ ಮೂರೇ ವರ್ಗಗಳು. ಎಸಿಎಲ್‌ನಲ್ಲಿ ಪ್ರತಿ ವ್ಯಕ್ತಿಗೂ ಪ್ರತಿ ಗುಂಪಿಗೂ ಪ್ರತ್ಯೇಕ ನಮೂದು ಸಾಧ್ಯ. ಉದಾಹರಣೆಗೆ, ತೆರಿಗೆ ಕಡತವೊಂದನ್ನು ವಲಯ ಕಚೇರಿಯ ಗುಮಾಸ್ತರು ಓದಬಹುದು, ಕಂದಾಯ ಅಧಿಕಾರಿ ಮಾತ್ರ ತಿದ್ದಬಹುದು ಎಂದು ವಿಧಿಸಬಹುದು.

ವಿಂಡೋಸ್‌ನಲ್ಲಿ

ಕೆಲಸ ನಾಲ್ಕು ಹಂತಗಳದ್ದು. ಮೊದಲು ‘ಗೆಟ್‌ನೇಮ್ಡ್‌ಸೆಕ್ಯುರಿಟಿಇನ್ಫೋ’ ಮೂಲಕ ಇರುವ ಪಟ್ಟಿಯನ್ನು ಓದಬೇಕು. ಯಾರಿಗೆ ಯಾವ ಹಕ್ಕು ಎಂಬುದನ್ನು ‘ಎಕ್ಸ್‌ಪ್ಲಿಸಿಟ್ ಆಕ್ಸೆಸ್’ ರಚನೆಯಲ್ಲಿ ತುಂಬಬೇಕು. ‘ಸೆಟ್‌ಎಂಟ್ರೀಸ್‌ಇನ್‌ಎಸಿಎಲ್’ ಹಳೆಯದನ್ನೂ ಹೊಸದನ್ನೂ ಬೆರೆಸಿ ಹೊಸ ಪಟ್ಟಿ ನೀಡುತ್ತದೆ. ಕೊನೆಗೆ ‘ಸೆಟ್‌ನೇಮ್ಡ್‌ಸೆಕ್ಯುರಿಟಿಇನ್ಫೋ’ ಅದನ್ನು ಕಡತಕ್ಕೆ ಅಂಟಿಸುತ್ತದೆ. ಹಳೆಯ ಪಟ್ಟಿಯನ್ನು ಓದದೆ ಹೊಸದನ್ನೇ ಬರೆದರೆ, ಆ ಕಡತಕ್ಕೆಂದೇ ಹಿಂದೆ ನೀಡಿದ್ದ ಅನುಮತಿಗಳು ಅಳಿಸಿಹೋಗುತ್ತವೆ.

ವ್ಯವಸ್ಥೆಯು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ತೀರ್ಮಾನ ಸಿಕ್ಕೊಡನೆ ನಿಲ್ಲುತ್ತದೆ. ಆದ್ದರಿಂದ ಆಯಾ ಕಡತದ ನೇರ ನಮೂದುಗಳಲ್ಲಿ ನಿರಾಕರಣೆ ಮೊದಲು, ಅನುಮತಿ ಅನಂತರ. ಮೇಲಿನ ಫೋಲ್ಡರ್‌ನಿಂದ ಬಳುವಳಿಯಾಗಿ ಬಂದವು ಕೊನೆಗೆ.

ಲಿನಕ್ಸ್‌ನಲ್ಲಿ

ಪೋಸಿಕ್ಸ್ 1003.1ಇ ಕರಡು 1998ರಲ್ಲಿ ಹಿಂಪಡೆಯಲ್ಪಟ್ಟರೂ ಅದರ ಮಾದರಿ ಉಳಿದು, 2003ರ 2.6 ಕರ್ನಲ್‌ನಲ್ಲಿ ನೆಲೆ ಕಂಡಿತು. ‘ಎಸಿಎಲ್_ಗೆಟ್_ಫೈಲ್’ನಿಂದ ಓದಿ, ನಮೂದು ಸೇರಿಸಿ, ‘ಎಸಿಎಲ್_ಕ್ಯಾಲ್ಕ್_ಮಾಸ್ಕ್’ನಿಂದ ಮಿತಿ ಲೆಕ್ಕಹಾಕಿ, ‘ಎಸಿಎಲ್_ಸೆಟ್_ಫೈಲ್’ನಿಂದ ಬರೆಯುವುದು ಕ್ರಮ. ಮಾಸ್ಕ್ ಎಂಬುದು ಗರಿಷ್ಠ ಮಿತಿ: ಹೆಸರಿಸಿದ ವ್ಯಕ್ತಿಗೆ ತಿದ್ದುವ ಹಕ್ಕು ಬರೆದಿದ್ದರೂ ಮಾಸ್ಕ್‌ನಲ್ಲಿ ಅದಿಲ್ಲದಿದ್ದರೆ ಹಕ್ಕು ನಡೆಯದು.

ಎಚ್ಚರಿಕೆ

ವಿಂಡೋಸ್‌ನಲ್ಲಿ ಖಾಲಿ ಪಟ್ಟಿಗೂ ಪಟ್ಟಿಯೇ ಇಲ್ಲದಿರುವುದಕ್ಕೂ ಅಜಗಜಾಂತರ. ಖಾಲಿ ಪಟ್ಟಿ ಯಾರಿಗೂ ಪ್ರವೇಶ ನೀಡದು. ಪಟ್ಟಿಯ ಜಾಗದಲ್ಲಿ ‘ನಲ್’ ಇಟ್ಟರೆ ಎಲ್ಲರಿಗೂ ಪೂರ್ಣಾಧಿಕಾರ. ಪ್ರೋಗ್ರಾಂ ಬರೆದವನ ಒಂದು ಪದದ ಅಜಾಗ್ರತೆಯಿಂದ ಮುಚ್ಚಬೇಕಾದ ಕಡತ ಹಾದಿಬೀದಿಯ ಸ್ವತ್ತಾಗಬಲ್ಲದು.

ಆದುದರಿಂದ ಪ್ರತಿ ಕರೆಯ ಫಲಿತಾಂಶವನ್ನು ಪರಿಶೀಲಿಸಬೇಕು. ವ್ಯಕ್ತಿಗಳ ಹೆಸರಿಗಿಂತ ಹುದ್ದೆಯ ಗುಂಪಿಗೆ ಹಕ್ಕು ನೀಡುವುದು ಲೇಸು. ವರ್ಗಾವಣೆಯಾದಾಗ ಸದಸ್ಯತ್ವ ಬದಲಿಸಿದರೆ ಸಾಕು, ಕಡತಗಳನ್ನು ಮುಟ್ಟಬೇಕಿಲ್ಲ.