ಮೇದೋಜೀರಕದ ದ್ವೀಪಕೋಶಗಳು ಮತ್ತು ಮಧುಮೇಹ

ಮಧುಮೇಹದ ಮಾತು ಬಾರದ ಮನೆ ಇಂದು ನಮ್ಮ ಬಳಗದಲ್ಲಿ ವಿರಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಈ ವ್ಯಾಧಿಯ ಮೂಲಸ್ಥಾನವಾದ ದ್ವೀಪಕೋಶಗಳ ಕಿರುಪರಿಚಯವನ್ನು ಓದುಗ ಬಂಧುಗಳಿಗೆ ಇಲ್ಲಿ ನೀಡುತ್ತಿದ್ದೇವೆ.

ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯ ಬಹುಭಾಗವು ಜೀರ್ಣರಸವನ್ನು ತಯಾರಿಸುತ್ತದೆ. ಅದರ ನಡುನಡುವೆ ಸುಮಾರು ಹತ್ತು ಲಕ್ಷ ಪುಟ್ಟ ಕೋಶಗುಚ್ಛಗಳು ಹರಡಿಕೊಂಡಿವೆ. ಗ್ರಂಥಿಯ ತೂಕದಲ್ಲಿ ಇವುಗಳ ಪಾಲು ಶೇಕಡಾ 1ರಿಂದ 2 ಮಾತ್ರ. 1869ರಲ್ಲಿ ಬರ್ಲಿನ್ನಿನ ವೈದ್ಯಕೀಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹ್ಯಾನ್ಸ್ ಇವನ್ನು ಮೊದಲು ವರ್ಣಿಸಿದನು. ಇವುಗಳ ಕಾರ್ಯವೇನೆಂಬುದು ಆಗ ಅವನಿಗೆ ತಿಳಿದಿರಲಿಲ್ಲ. ಮುಂದೆ ಅವನ ಹೆಸರಿನಿಂದಲೇ ಇವು ‘ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು’ ಎನಿಸಿದವು.

ದ್ವೀಪಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕೋಶಗಳಿವೆ. ಬೀಟಾ ಕೋಶಗಳು ಸ್ರವಿಸುವ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಆಲ್ಫಾ ಕೋಶಗಳ ಗ್ಲುಕಗಾನ್, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಡಿಸಿ ಅದನ್ನು ಏರಿಸುತ್ತದೆ. ಡೆಲ್ಟಾ ಕೋಶಗಳ ಸೊಮ್ಯಾಟೊಸ್ಟ್ಯಾಟಿನ್ ಇವೆರಡಕ್ಕೂ ಕಡಿವಾಣ ಹಾಕುತ್ತದೆ.

ಊಟದ ನಂತರ ಗ್ಲೂಕೋಸು ಬೀಟಾ ಕೋಶವನ್ನು ಹೊಕ್ಕು ದಹನಗೊಂಡು ಎಟಿಪಿ ಎಂಬ ಶಕ್ತಿವಸ್ತುವಾಗುತ್ತದೆ. ಎಟಿಪಿ ಹೆಚ್ಚಿದಂತೆ ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರಗಳು ಮುಚ್ಚುತ್ತವೆ. ಅದರಿಂದ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ದ್ವಾರಗಳು ತೆರೆಯುತ್ತವೆ. ಒಳನುಗ್ಗಿದ ಕ್ಯಾಲ್ಸಿಯಂ, ಸಿದ್ಧವಾಗಿದ್ದ ಇನ್ಸುಲಿನ್ ಕಣಗಳನ್ನು ರಕ್ತಕ್ಕೆ ಬಿಡಿಸುತ್ತದೆ. ಸಕ್ಕರೆ ಇಳಿದಾಗ ಸ್ರವಿಕೆಯೂ ತಗ್ಗುತ್ತದೆ.

ಒಂದನೆಯ ವಿಧದ ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶಮಾಡುತ್ತದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಚುಚ್ಚುವವರೆಗೆ ಈ ರೋಗಕ್ಕೆ ಪ್ರಾಣ ಉಳಿಸುವ ಔಷಧವೇ ಇರಲಿಲ್ಲ. ಇಂಥವರು ಯಾರದೋ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಎರಡನೆಯ ವಿಧದಲ್ಲಿ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಬೀಟಾ ಕೋಶಗಳು ಹೆಚ್ಚು ದುಡಿದು ಕ್ರಮೇಣ ಸೋಲುತ್ತವೆ; ಗ್ಲುಕಗಾನ್ ಮಾತ್ರ ಅನಗತ್ಯವಾಗಿ ಹೆಚ್ಚುತ್ತದೆ. ಗ್ಲಿಮೆಪಿರೈಡ್‌ನಂತಹ ಮಾತ್ರೆಗಳು ಮೇಲೆ ಹೇಳಿದ ಪೊಟ್ಯಾಸಿಯಂ ದ್ವಾರವನ್ನೇ ಮುಚ್ಚಿ ಇನ್ಸುಲಿನ್ ಹೊರಡಿಸುತ್ತವೆ. ಸಕ್ಕರೆ ಕಡಿಮೆಯಿದ್ದರೂ ಅವು ಈ ಕೆಲಸ ಬಿಡವು. ಆದುದರಿಂದಲೇ ಏಕಾದಶಿಯಂದು ಊಟ ಬಿಟ್ಟು ಮಾತ್ರೆಯನ್ನು ಮಾತ್ರ ನುಂಗಿದ ಹಿರಿಯರಿಗೆ ಬೆವರು, ನಡುಕ, ಮಂಕು ಕವಿದು ಪ್ರಜ್ಞೆಯೂ ತಪ್ಪಬಹುದು.

ವ್ರತವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಉಪವಾಸಕ್ಕೆ ಮುನ್ನ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಿರಿ, ಲಕ್ಷಣ ಕಂಡೊಡನೆ, ಎಚ್ಚರವಿರುವಾಗಲೇ, ಸಕ್ಕರೆ ನೀರು ಕುಡಿಸಿರಿ ಎಂಬುದಷ್ಟೇ ನಮ್ಮ ವಿನಂತಿ.