ಮದ್ಯವ್ಯಸನ ಮತ್ತು ದಾಂಪತ್ಯ: ಕುಡಿತ ನಿಂತ ಮೇಲಿನ ಸಂಸಾರ

ಮದ್ಯವ್ಯಸನವನ್ನು ವೈದ್ಯಶಾಸ್ತ್ರವು ದುರ್ಗುಣವೆಂದು ಎಣಿಸದೆ, ಮರುಕಳಿಸುವ ಸ್ವಭಾವದ ದೀರ್ಘಕಾಲಿಕ ಕಾಯಿಲೆಯೆಂದು ಪರಿಗಣಿಸುತ್ತದೆ. ಕುಡಿಯಬೇಕೆಂಬ ತಡೆಯಲಾಗದ ತುಡಿತ, ಪ್ರಮಾಣದ ಮೇಲೆ ಹತೋಟಿ ತಪ್ಪುವುದು, ಬಿಟ್ಟೊಡನೆ ಕೈನಡುಕ ಮತ್ತು ನಿದ್ರಾಹೀನತೆ, ಹಾನಿ ಕಣ್ಣೆದುರಿಗಿದ್ದರೂ ಮುಂದುವರಿಸುವುದು ಇದರ ಮುಖ್ಯ ಲಕ್ಷಣಗಳು. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅವರಲ್ಲಿ 5.7 ಕೋಟಿ ಜನರಿಗೆ ನೆರವಿನ ಅಗತ್ಯವಿದೆ. ಪುರುಷರಲ್ಲಿ ಶೇ. 27.3, ಮಹಿಳೆಯರಲ್ಲಿ ಶೇ. 1.6 ಮಂದಿ ಕುಡಿಯುವುದರಿಂದ ಇಲ್ಲಿ ಪತಿಯ ವ್ಯಸನವನ್ನೇ ಪ್ರಧಾನವಾಗಿ ಗಮನಿಸಲಾಗಿದೆ. ವ್ಯಸನಕ್ಕೊಳಗಾದ ಮಹಿಳೆಯ ಪಾಡು ಇನ್ನೂ ಕಠಿಣ. ನಾಚಿಕೆಯ ಭಾರದಿಂದ ಆಕೆ ಚಿಕಿತ್ಸೆಯ ಬಾಗಿಲಿಗೆ ಬರುವುದೇ ವಿರಳ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಜೋನ್ ಜ್ಯಾಕ್ಸನ್ 1954ರಲ್ಲಿ ಪ್ರಕಟಿಸಿದ ಲೇಖನವೊಂದು ಇಂತಹ ಕುಟುಂಬಗಳು ಏಳು ಹಂತಗಳನ್ನು ಹಾದುಹೋಗುವುದನ್ನು ಗುರುತಿಸಿತು. ಮೊದಲು ಸಮಸ್ಯೆಯೇ ಇಲ್ಲವೆಂಬ ನಟನೆ, ಅನಂತರ ಅದನ್ನು ತೊಲಗಿಸುವ ಹೆಣಗಾಟ, ಆಮೇಲೆ ಮನೆಯ ವ್ಯವಸ್ಥೆಯ ಕುಸಿತ. ನಾಲ್ಕನೆಯದರಲ್ಲಿ ಪತ್ನಿ ಮನೆಯ ಸೂತ್ರವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ಮುಂದಿನವು ದೂರವಾಗುವ ಪ್ರಯತ್ನ ಮತ್ತು ಪತಿಯನ್ನು ಬಿಟ್ಟು ಬದುಕು ಕಟ್ಟಿಕೊಳ್ಳುವುದು; ಆತ ಕುಡಿತ ಬಿಟ್ಟರೆ ಇಡೀ ಕುಟುಂಬದ ಮರುಜೋಡಣೆ ಏಳನೆಯದು. ಎಲ್ಲ ಮನೆಗಳೂ ಇದೇ ಕ್ರಮದಲ್ಲಿ ಸಾಗುವುದಿಲ್ಲವಾದರೂ ಓದುವ ಅನೇಕರಿಗೆ ತಮ್ಮ ಮನೆಯೇ ಕಂಡೀತು.

ಊರು ಬಿಟ್ಟು ಮಹಾನಗರದಲ್ಲಿ ನೆಲೆಸಿದ ಕುಟುಂಬಗಳಲ್ಲಿ ಮೊದಲ ಹಂತ ಬಹಳ ಕಾಲ ಎಳೆಯುತ್ತದೆ. ಗದರಿಸಿ ಕೇಳುವ ಹಿರಿಯರು ಹತ್ತಿರವಿರುವುದಿಲ್ಲ. ಊರಿನಿಂದ ದೂರವಾಣಿ ಬಂದರೆ ಎಲ್ಲ ಕ್ಷೇಮ. ಕಚೇರಿಗೆ ಕೇಳಿದರೆ ಅವರಿಗೆ ಜ್ವರ. ಮದುವೆ ಮುಂಜಿಗಳಿಗೆ ಹೋಗದಿರಲು ಮಕ್ಕಳ ಪರೀಕ್ಷೆಯ ನೆಪ. ಮಾನ ಉಳಿಸಲೆಂದು ಆಡುವ ಈ ಮಾತುಗಳು ಕಾಯಿಲೆಗೇ ಆಸರೆಯಾಗುತ್ತವೆ.

ಎರಡನೆಯ ಹಂತದಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ರೋಗಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸುವ ಔಷಧಗಳ ಜಾಹೀರಾತುಗಳನ್ನು ಕಾಣದವರಿಲ್ಲ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಮಾತ್ರೆಯು ಮದ್ಯದೊಡನೆ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು, ಪ್ರಾಣಾಪಾಯವೂ ಉಂಟು. ಅದನ್ನು ವೈದ್ಯರು ತಪಾಸಣೆ ಮಾಡಿ, ರೋಗಿಯ ಒಪ್ಪಿಗೆ ಪಡೆದೇ ಕೊಡಬೇಕು. ಹಲವು ವರ್ಷ ನಿತ್ಯ ಕುಡಿದವರು ದೇವರ ಮುಂದೆ ಆಣೆ ಇಟ್ಟು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ. ಮೊದಲ ಎರಡು ಮೂರು ದಿನಗಳಲ್ಲಿ ಅಪಸ್ಮಾರ, ಭ್ರಮೆ, ಸನ್ನಿ ಕಾಣಿಸಿಕೊಳ್ಳಬಹುದಾದ್ದರಿಂದ ವೈದ್ಯರ ನಿಗಾ ಅವಶ್ಯ.

ನಮ್ಮ ದೇಶದಲ್ಲಿ ಕುಟುಂಬವನ್ನೂ ಚಿಕಿತ್ಸೆಯ ಒಳಗೆ ತಂದ ಸಂಸ್ಥೆಗಳಲ್ಲಿ ಎರಡನ್ನು ಹೆಸರಿಸಬೇಕು. ವ್ಯಸನದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನವನ್ನು ಸ್ಥಾಪಿಸಿದರು; 1992ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅವರ ಪತಿ, ಮರಾಠಿ ಲೇಖಕ ಅನಿಲ್ ಅವಚಟ್, ಪು.ಲ. ದೇಶಪಾಂಡೆಯವರ ನೆರವಿನಿಂದ 1986ರಲ್ಲಿ ‘ಮುಕ್ತಾಂಗಣ’ವನ್ನು ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ.

ಆಸ್ಪತ್ರೆಯಿಂದ ಮನೆಗೆ ಮರಳಿದ ದಿನದಿಂದಲೇ ಏಳನೆಯ ಹಂತದ ಕಷ್ಟ ಆರಂಭ. ಬಂಧುಗಳು ಇದನ್ನು ಅರಿಯುವುದು ಕಡಿಮೆ. ಬಿಟ್ಟರಲ್ಲ, ಇನ್ನೇನು ಚಿಂತೆ ಎಂದುಬಿಡುತ್ತಾರೆ. ಬ್ಯಾಂಕಿನ ಪುಸ್ತಕ, ಬೀರುವಿನ ಕೀಲಿಕೈ, ಮಕ್ಕಳ ಶಾಲೆಯ ವ್ಯವಹಾರಗಳೆಲ್ಲ ವರ್ಷಗಳಿಂದ ಪತ್ನಿಯ ಕೈಯಲ್ಲಿವೆ. ಆತ ತನ್ನ ಸ್ಥಾನವನ್ನು ಮರಳಿ ಕೇಳುತ್ತಾನೆ. ಆಕೆಗೆ ಕೊಡಲು ಭಯ. ಮಕ್ಕಳು ಪ್ರಗತಿಪತ್ರಕ್ಕೆ ಸಹಿ ಕೇಳುವುದು ತಾಯಿಯನ್ನೇ. ಹತ್ತು ನಿಮಿಷ ತಡವಾದರೆ ಆಕೆ ಉಸಿರಿನ ವಾಸನೆ ನೋಡುತ್ತಾಳೆ, ಆತ ಅವಮಾನಗೊಳ್ಳುತ್ತಾನೆ. ಇಬ್ಬರ ನಡತೆಗೂ ಕಾರಣವಿದೆ. ತಂದೆಯ ಕೋಪಕ್ಕೆ ಹೆದರಿ ಬೆಳೆದ ಮಕ್ಕಳು ಆತ ಶಾಂತನಾದ ಮೇಲೆಯೇ ತಮ್ಮ ಕೋಪವನ್ನು ಹೊರಗೆಡಹುವುದೂ ಉಂಟು.

ಇದಕ್ಕೆಂದೇ ದಂಪತಿಗಳಿಗೆ ಒಟ್ಟಾಗಿ ನೀಡುವ ಚಿಕಿತ್ಸಾಕ್ರಮವೊಂದಿದೆ. ಇಂದು ಕುಡಿಯುವುದಿಲ್ಲವೆಂದು ಪತಿ ಪ್ರತಿದಿನ ಹೇಳುವುದು, ಪತ್ನಿ ಅದಕ್ಕೆ ಕೃತಜ್ಞತೆ ಸೂಚಿಸುವುದು, ಹಳೆಯ ಕಹಿಯನ್ನು ಮನೆಯಲ್ಲಿ ಕೆದಕದೆ ಆಪ್ತಸಲಹೆಗಾರರ ಮುಂದೆ ಮಾತ್ರ ಆಡುವುದು ಇದರ ಕ್ರಮ. ಕೇಳಲು ಸರಳವೆನಿಸಿದರೂ ಮೊದಲ ತಿಂಗಳುಗಳಲ್ಲಿ ಅನುಮಾನಕ್ಕೆ ಇದೊಂದು ಎಲ್ಲೆ ಹಾಕುತ್ತದೆ. ತೀವ್ರ ಹಿಂಸೆ ನಡೆಯುತ್ತಿರುವ ಮನೆಗೆ ಈ ಕ್ರಮ ಸಲ್ಲದು. ಅಲ್ಲಿ ಪತ್ನಿ ಮತ್ತು ಮಕ್ಕಳ ಸುರಕ್ಷತೆಯೇ ಮೊದಲು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ವಾಸದ ಹಕ್ಕನ್ನೂ ರಕ್ಷಣಾ ಆದೇಶವನ್ನೂ ಕೋರಬಹುದು.

1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗಳು ನಮ್ಮ ಮಹಾನಗರಗಳಲ್ಲೂ ನಡೆಯುತ್ತವೆ. ಕುಟುಂಬದವರಿಗೆ 1951ರಲ್ಲಿ ಆರಂಭವಾದ ಅಲ್-ಅನಾನ್ ಬಳಗವಿದೆ. ಪತಿ ಕುಡಿತ ಬಿಡಲು ಒಪ್ಪದಿದ್ದರೂ ಪತ್ನಿ ಅಲ್ಲಿಗೆ ಹೋಗಬಹುದು, ಹೋಗುವುದು ಒಳಿತು. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಎರಡಕ್ಕೂ ಶುಲ್ಕವಿಲ್ಲ, ಮನೆಯವರೂ ಕರೆ ಮಾಡಬಹುದು.