ಹೊಟ್ಟೆ ಆಪರೇಷನ್: ಓಟಿ ಟೆಕ್ನೀಷಿಯನ್ ಎಣಿಸೋದು ಯಾಕೆ?

ಕರುಳಿನ ದೊಡ್ಡ ಆಪರೇಷನ್ ಅಂದ್ರೆ ನೆನಪಾಗೋದು ಡಾಕ್ಟರು. ಅವರು ಬರುವ ಮೊದಲೇ ಓಟಿ ಟೆಕ್ನೀಷಿಯನ್ ಕೆಲಸ ಶುರುವಾಗಿರುತ್ತದೆ. ಕತ್ತರಿ, ಕ್ಲಾಂಪ್‌ಗಳು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆಯಲ್ಲಿ ಕ್ರಿಮಿಮುಕ್ತವಾಗಿರಬೇಕು. ಸಕ್ಷನ್, ಕಾಟರಿ ಯಂತ್ರ ಪರೀಕ್ಷಿಸಿರಬೇಕು.

ದೊಡ್ಡ ಜವಾಬ್ದಾರಿ ಮಾತ್ರ ಲೆಕ್ಕದ್ದು. ರಕ್ತ ಒರೆಸುವ ಬಟ್ಟೆಗೆ ಓಟಿಯಲ್ಲಿ ಮಾಪ್ ಅಂತಾರೆ. ರಕ್ತದಲ್ಲಿ ನೆಂದ ಮಾಪ್ ಕರುಳಿನ ನಡುವೆ ಕಣ್ಣಿಗೇ ಬೀಳೋದಿಲ್ಲ. ಒಳಗೆ ಉಳಿದರೆ ಕೀವು, ಮತ್ತೊಂದು ಆಪರೇಷನ್. ಅದಕ್ಕೇ ಕೊಯ್ಯುವ ಮೊದಲು, ಹೊಟ್ಟೆ ಮುಚ್ಚುವ ಮೊದಲು, ಚರ್ಮ ಹೊಲಿಯುವಾಗ ನರ್ಸ್ ಜೊತೆ ಜೋರಾಗಿ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2008ರ ತಪಾಸಣಾ ಪಟ್ಟಿಯಲ್ಲೂ ಈ ಎಣಿಕೆ ಇದೆ. ಒಂದು ಕಡಿಮೆಯಾದ್ರೂ ಹುಡುಕಾಟ, ಸಿಗದಿದ್ದರೆ ಎಕ್ಸ್‌ರೇ. ಮಾಪ್‌ನೊಳಗಿನ ವಿಶೇಷ ಎಳೆ ಅದರಲ್ಲಿ ಕಾಣುತ್ತದೆ. ಹೊರಗೆ ಕಾಯುವ ಮನೆಯವರಿಗೆ 'ಇನ್ನೂ ಯಾಕೆ ತಡ?' ಅನಿಸಬಹುದು, ಕೆಲವೊಮ್ಮೆ ಆ ತಡ ಈ ಎಣಿಕೆಯದ್ದೇ.